ಸ್ವಂತ ಬೀದಿಗೆ ಪ್ರವಾಸ ಹೋದ ಕ್ಷೌರಿಕ

ನದಿಯ ದಂಡೆಗೆ ಒತ್ತಿಕೊಂಡಿದ್ದ ಹಳೆಯ ಪೇಟೆಯಲ್ಲಿ ಒಂದು ಕ್ಷೌರದಂಗಡಿ. ಅದರ ಯಜಮಾನನ ಕತ್ತರಿ ನಿಂತರೂ ನಾಲಿಗೆ ನಿಲ್ಲುತ್ತಿರಲಿಲ್ಲ. ಗಿರಾಕಿಯ ಕೊರಳಿಗೆ ಬಿಳಿ ಬಟ್ಟೆ ಬಿಗಿದನೆಂದರೆ ಸರಿ, ಸೇತುವೆ ಯಾಕೆ ಬಿರುಕು ಬಿಟ್ಟಿತು, ಯಾರ ಮಗಳು ಯಾರನ್ನು ಒಲ್ಲೆ ಅಂದಳು, ಹೊಟ್ಟೆಯುಬ್ಬರಕ್ಕೆ ಏನು ಮದ್ದು, ಎಲ್ಲವೂ ಕೂದಲಿನ ಜೊತೆಗೇ ಉದುರುತ್ತಿದ್ದವು. ಕೇಳುವವನು ತಲೆ ಅಲ್ಲಾಡಿಸುವಂತಿಲ್ಲ, ಎದ್ದು ಹೋಗುವಂತಿಲ್ಲ. ಅಂಥ ವಿಧೇಯ ಸಭೆ ಯಾವ ಭಾಷಣಕಾರನಿಗೂ ಸಿಕ್ಕಿರಲಾರದು. ಪೇಟೆಯವರು ಅವನನ್ನು ಮಾತಿನಮಲ್ಲ ಎಂದೇ ಕರೆಯುತ್ತಿದ್ದರು.

ಅದೇ ಜನ ಅವನ ಹೆಂಡತಿಗೆ ಇಟ್ಟ ಹೆಸರು ಮೌನಗೌರಿ. ಅಂಗಡಿಯ ಹಿಂದೆಯೇ ಮನೆ. ಅಂಗಡಿಯ ಬಿಳಿ ಬಟ್ಟೆಗಳನ್ನೂ ಟವೆಲ್ಲುಗಳನ್ನೂ ದಿನಾ ಕುದಿಸಿ, ಒಗೆದು, ಹಿಂದಿನ ಅಂಗಳದಲ್ಲಿ ಒಣಹಾಕಿ, ಮಡಿಸಿ ತಂದಿಡುವುದು ಅವಳ ಕೆಲಸ. ಬಾಗಿಲ ಪರದೆ ಸರಿಸಿ ಒಂದು ಕೈ ಒಳಗೆ ಬರುತ್ತಿತ್ತು, ಮಡಿಸಿದ ಬಟ್ಟೆಗಳ ಅಟ್ಟಿಯನ್ನು ಬೆಂಚಿನ ಮೇಲಿಟ್ಟು ಹಿಂದಕ್ಕೆ ಹೋಗುತ್ತಿತ್ತು. ಎಷ್ಟೋ ಗಿರಾಕಿಗಳು ಆ ಕೈಯನ್ನು ಬಿಟ್ಟು ಅವಳ ಬೇರೇನನ್ನೂ ನೋಡಿರಲಿಲ್ಲ. "ದೇವರು ಹೆಂಡತಿ ಪಾಲಿನ ಮಾತನ್ನೂ ಗಂಡನ ತಟ್ಟೆಗೇ ಬಡಿಸಿಬಿಟ್ಟಿದ್ದಾನೆ" ಎಂದು ಎದುರಿನ ಬೇಕರಿಯವನು ನಗುತ್ತಿದ್ದ.

ಅವಳು ಬೆಟ್ಟದಾಚೆಯ ಹೆಣ್ಣು. ಕ್ಷೌರಿಕನ ಅಪ್ಪ ಒಂದು ಕಾಲಕ್ಕೆ ಆ ಕಡೆಯ ಸೈನಿಕರ ಠಾಣೆಯಲ್ಲಿ ಕೆಲಸಕ್ಕಿದ್ದು, ಅಲ್ಲಿ ಸ್ನೇಹವಾದ ಮನೆಯಿಂದ ಮಗನಿಗೆ ಹೆಣ್ಣು ತಂದಿದ್ದ. ಅವಳ ಭಾಷೆಯೇ ಬೇರೆ. ಪೇಟೆಯಲ್ಲಿ ನಾಲ್ಕು ದಿಕ್ಕಿನಿಂದ ಬಂದ ಜನ ಇದ್ದರೂ ಅವಳ ಮಾತು ಬಲ್ಲವರು ಒಬ್ಬರೂ ಇರಲಿಲ್ಲ. ಈ ಸಂಗತಿ ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಕ್ಷೌರಿಕನೇ ಅದನ್ನು ಕುರ್ಚಿಯಲ್ಲಿ ಕೂತವರಿಗೆಲ್ಲ ಹೇಳಿದ್ದ.

"ಬಂದಾಗ ನೀರು ಅನ್ನೋಕೂ ಬರ್ತಿರಲಿಲ್ಲ ಅವಳಿಗೆ. ವರ್ಷ ತುಂಬೋದ್ರೊಳಗೆ ನಮ್ಮ ಭಾಷೆ ಅರೆದು ಕುಡಿಸಿಬಿಟ್ಟೆ. ಕಲಿಸೋದೂ ಒಂದು ಕಲೆ ಕಣ್ರೀ, ಎಲ್ಲರಿಗೂ ಬರಲ್ಲ."

ಅವನ ಬದುಕಿನಲ್ಲಿ ಹೆಮ್ಮೆ ಪಡುವಂಥ ಸಂಗತಿಗಳು ಬಹಳವೇನೂ ಇರಲಿಲ್ಲ. ಇದೊಂದಿತ್ತು.

ಹೀಗಿರುವಾಗ ಪೇಟೆಯಲ್ಲಿ ನಡಿಗೆ ಶುರುವಾಯಿತು. ಹಳದಿ ಕೊಡೆ ಹಿಡಿದ ಒಬ್ಬ ಹುಡುಗಿ ಪ್ರತಿ ಭಾನುವಾರ ಹತ್ತಿಪ್ಪತ್ತು ಜನರನ್ನು ಹಿಂದೆ ಕಟ್ಟಿಕೊಂಡು ಓಣಿ ಓಣಿ ಸುತ್ತಿಸುತ್ತಿದ್ದಳು. ದೂರದಿಂದ ಬಂದವರೂ ಇರುತ್ತಿದ್ದರು, ನದಿಯಾಚೆಯ ಹೊಸ ಬಡಾವಣೆಯವರೂ ಇರುತ್ತಿದ್ದರು. ಒಂದಕ್ಕೊಂದು ಗೋಡೆ ಹಂಚಿಕೊಂಡ ಮೂರು ಮತದ ಮೂರು ಪ್ರಾರ್ಥನಾ ಮಂದಿರಗಳು, ಹಗ್ಗ ಹೊಸೆಯುವವರ ಉದ್ದನೆಯ ಓಣಿ, ಒಂದೇ ಹಲಗೆಯ ಮೇಲೆ ನಾಲ್ಕು ಲಿಪಿಯಲ್ಲಿ ಹೆಸರು ಬರೆಸಿಕೊಂಡ, ಅಂಗಿಗೆ ಹಾಕುವ ಗುಂಡಿಗಳ ಅಂಗಡಿ, ಇವನ್ನೆಲ್ಲ ತೋರಿಸಿ ಕಥೆ ಹೇಳುವುದು ಅವಳ ಉದ್ಯೋಗ. "ನಮ್ಮ ಚರಂಡಿ ವಾಸನೆ ನೋಡೋಕೂ ಜನ ಟಿಕೆಟ್ ತಗೋತಾರಲ್ಲಪ್ಪ!" ಎಂದು ಕ್ಷೌರಿಕ ಮೂಗು ಮುರಿದ. ಆದರೆ ಒಳಗೊಳಗೆ ಅವನಿಗೆ ಒಂದು ಆಸೆ ಮೊಳೆತಿತ್ತು. ಈ ಹುಡುಗಿಗೆ ಕಥೆ ಬೇಕಾದರೆ ತನ್ನ ಬಳಿಗೇ ತಾನೆ ಬರಬೇಕು?

ಅವಳು ಬಂದಳು ಕೂಡ. ದಾರಿಯಲ್ಲಿ ಅಲ್ಲಲ್ಲಿ ಪೇಟೆಯವರೇ ನಿಂತು ತಮ್ಮ ಕಥೆಯನ್ನು ತಾವೇ ಹೇಳಿದರೆ ಚೆನ್ನ ಎಂದು ಜನರನ್ನು ಹುಡುಕುತ್ತಿದ್ದಳು. ಎಲ್ಲರೂ ಕ್ಷೌರದಂಗಡಿಗೆ ಕೈ ತೋರಿಸಿದ್ದರು. ಕ್ಷೌರಿಕ ಅರ್ಧ ಕತ್ತರಿಸಿದ ತಲೆಯನ್ನು ಅಲ್ಲೇ ಬಿಟ್ಟು, ಕೈ ಕಟ್ಟಿಕೊಂಡು ನಿಂತು, ಪೇಟೆಯ ಹುಟ್ಟಿನಿಂದ ಹಿಡಿದು ಹೇಳತೊಡಗಿದ. ರಾಜನೊಬ್ಬ ಬಂದ, ಪ್ರವಾಹ ಬಂತು, ಪ್ರವಾಹದ ನಡುವೆ ತನ್ನ ಮುತ್ತಜ್ಜ ಬಂದ, ಮುತ್ತಜ್ಜನ ಮೊಣಕಾಲು ನೋವು ಬಂತು. ಹುಡುಗಿ ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿದಳು. "ಅಂಕಲ್, ಕುಡಿಯೋಕೆ ಸ್ವಲ್ಪ ನೀರು ಸಿಗುತ್ತಾ?" ಅಂದಳು. "ಒಳಗೆ ಹೋಗಮ್ಮ, ಕೊಡ್ತಾಳೆ" ಅಂದ.

ನೀರಿಗೆಂದು ಹೋದವಳು ಮಧ್ಯಾಹ್ನದ ತನಕ ಹೊರಗೆ ಬರಲಿಲ್ಲ.

ಮುಂದಿನ ಭಾನುವಾರದಿಂದ ನಡಿಗೆಯ ಕೊನೆಯ ನಿಲ್ದಾಣ ಕ್ಷೌರಿಕನ ಮನೆಯ ಪಕ್ಕದ ಓಣಿಯ ಮೆಟ್ಟಿಲಾಯಿತು. ಅಲ್ಲಿ ಕಥೆ ಹೇಳುವವಳು ಮೌನಗೌರಿ.

"ನೀನಾ? ನೀನೇನು ಹೇಳ್ತೀಯೇ ಅಲ್ಲಿ?" ಎಂದು ಅವನು ನಕ್ಕ.

"ಏನೋ ಒಂದು" ಅಂದಳು ಅವಳು, ಟವೆಲ್ ಮಡಿಸುತ್ತ.

ಭಾನುವಾರ ಕ್ಷೌರದಂಗಡಿಯಲ್ಲಿ ಮದುವೆಮನೆಯಷ್ಟು ಗದ್ದಲ. ಹೋಗಿ ನೋಡಲು ಅವನಿಗೆ ಪುರಸೊತ್ತಿರಲಿಲ್ಲ. ನೋಡಿ ಬಂದವರು ಮಾತ್ರ ಕುರ್ಚಿಯಲ್ಲಿ ಕೂತು ಹೊಗಳುವುದಕ್ಕೆ ಶುರುಮಾಡಿದರು. "ಏನ್ ಮಾಮ, ಅತ್ತೆ ಹೀಗೆ ಮಾತಾಡ್ತಾರೆ ಅಂತ ಗೊತ್ತೇ ಇರಲಿಲ್ಲ! ಹೊಟ್ಟೆ ಹಿಡ್ಕೊಂಡು ನಕ್ಕೆವು," ಅಂದ ಬೇಕರಿಯವನು. ಗುಂಡಿ ಅಂಗಡಿಯ ಯಜಮಾನಿ ತನ್ನ ಮೊಮ್ಮಗನಿಗೆ ಕ್ಷೌರ ಮಾಡಿಸಲು ಬಂದವಳು, "ಒಬ್ಬಳು ಹೆಂಗಸು ಅತ್ತೇಬಿಟ್ಟಳು ಕಣಪ್ಪ, ನಿನ್ನ ಹೆಂಡ್ತಿ ಮಾತು ಕೇಳಿ" ಅಂದಳು. ಎಂದೂ ಇಲ್ಲದ್ದು, ಈಗ ಕುರ್ಚಿಯಲ್ಲಿ ಕೂತವರು ಮಾತಾಡುತ್ತಿದ್ದರು, ಕತ್ತರಿ ಹಿಡಿದವನು ಕೇಳುತ್ತಿದ್ದ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಅವನು ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡ. ತನ್ನೆದುರು "ಊಟಕ್ಕೆ ಬರ್ತೀರಾ", "ಸೋಪು ಮುಗಿದಿದೆ" ಎಂಬೆರಡು ಮಾತಿನಲ್ಲಿ ದಿನ ಮುಗಿಸುವವಳು, ಹಾದಿಹೋಕರೆದುರು ಮುತ್ತು ಸುರಿಸುತ್ತಾಳೆಂದರೆ? ಅವಳು ನಗಿಸಿದ ನಗು ಯಾರ್ಯಾರ ಪಾಲಿಗೋ ಹೋಗುತ್ತಿದೆಯಲ್ಲ? ಊಟ ಮಾಡುತ್ತ ಅವಳ ಬಾಯಿಯನ್ನೇ ದಿಟ್ಟಿಸುತ್ತಿದ್ದ. ಆ ಬಾಯಿ ಅನ್ನ ಅಗಿಯುತ್ತಿತ್ತು, ಅಷ್ಟೆ.

ಕೊನೆಗೊಂದು ಭಾನುವಾರ ಹೊಟ್ಟೆಯ ಉರಿ ತಾಳಲಾರದೆ ಅಂಗಡಿಯ ಬಾಗಿಲೆಳೆದ. ತನಗೆ ಹಲ್ಲುನೋವು, ವೈದ್ಯರ ಬಳಿ ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿದ. ಮಗಳ ಮದುವೆಯ ದಿನವೊಂದನ್ನು ಬಿಟ್ಟರೆ ಭಾನುವಾರ ಆ ಬಾಗಿಲು ಮುಚ್ಚಿದ್ದೇ ಇಲ್ಲ. ಟೋಪಿಯನ್ನು ಹುಬ್ಬಿನ ತನಕ ಎಳೆದು, ಕಪ್ಪು ಕನ್ನಡಕ ಹಾಕಿಕೊಂಡು, ನಡಿಗೆ ಹೊರಡುವ ಹಳೆಯ ಸುಂಕದ ಕಟ್ಟೆಗೆ ಹೋಗಿ ಗುಂಪಿನ ಹಿಂದೆ ನಿಂತ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ಪೇಟೆಯ ಅರ್ಧ ತಲೆಗಳು ಪಳಗಿದ್ದು ಅವನ ಕೈಯಲ್ಲಿ; ಅವನ ತಲೆ ಅವರಿಗೆ ಗೊತ್ತಾಗದೆ ಇರುತ್ತದೆಯೇ?

"ಮಾಮ, ಕಣ್ಣಿಗೇನಾಯ್ತು?" ಎಂದು ಬ್ರೆಡ್ ಹೊತ್ತು ಆ ದಾರಿಯಲ್ಲಿ ಬಂದ ಬೇಕರಿಯವನು ದೂರದಿಂದಲೇ ಕೂಗಿದ.

"ಧೂಳು," ಎಂದು ಗೊಣಗಿ ಕ್ಷೌರಿಕ ಒಬ್ಬ ಎತ್ತರದ ಮನುಷ್ಯನ ಹಿಂದೆ ಅಡಗಿದ.

ಹುಡುಗಿ ಕೊಡೆ ಎತ್ತಿ ನಡೆದಳು. ಒಂದು ಋತುವಿನ ವ್ಯಾಪಾರಕ್ಕೆಂದು ದೋಣಿಯಲ್ಲಿ ಬಂದವರು ಹೇಗೆ ಇಲ್ಲೇ ಬೇರುಬಿಟ್ಟರು, ಹಗ್ಗದವರೂ ಬಣ್ಣ ಹಾಕುವವರೂ ಹೇಗೆ ಒಂದೇ ಬಾವಿಯ ನೀರಿಗೆ ಜಗಳವಾಡಿ ಆಮೇಲೆ ಬೀಗರಾದರು, ಒಂದು ಮಂದಿರದ ಗಂಟೆ ಹೊಡೆದರೆ ಪಕ್ಕದ ಮಂದಿರದ ಗೋಪುರದಿಂದ ಪಾರಿವಾಳಗಳು ಹೇಗೆ ಹಾರುತ್ತವೆ, ಎಲ್ಲ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಜನ ಕತ್ತೆತ್ತಿ ಮಹಡಿಗಳನ್ನು ನೋಡುತ್ತಿದ್ದರು. ಹುಟ್ಟಿದಾಗಿನಿಂದ ಇಲ್ಲೇ ಇದ್ದ ಕ್ಷೌರಿಕ ತಾನೂ ಕತ್ತೆತ್ತಿದ. ಹಗ್ಗದ ಓಣಿಯ ಮನೆಗಳಿಗೆ ಮೇಲೆ ಮರದ ಕೆತ್ತನೆಯ ಬಾಲ್ಕನಿಗಳಿವೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ತಲೆಗಿಂತ ಮೇಲೆ ಏನನ್ನೂ ನೋಡಿದವನಲ್ಲ ಅವನು. ಆದರೆ ಆ ಅಚ್ಚರಿಯೂ ಅವನಿಗೆ ಸಿಹಿಯಾಗಲಿಲ್ಲ. ತಪ್ಪು ಸಿಕ್ಕೀತೇ ಎಂದು ಕಾದ. ಪ್ರವಾಹದ ವರ್ಷ ಹೇಳುವಾಗ ಬಾಯಿ ತೆರೆದೇಬಿಟ್ಟಿದ್ದ, ವೇಷ ನೆನಪಾಗಿ ಕೆಮ್ಮಿದ.

ಗುಂಪು ಅವನ ಅಂಗಡಿಯ ಮುಂದೆ ಬಂತು. ಈಗ ಏನು ಹೇಳುತ್ತಾಳೋ ಎಂದು ಅವನು ಟೋಪಿಯನ್ನು ಕಿವಿಯಿಂದ ಮೇಲೆ ಸರಿಸಿದ.

"ಇದು ಏನು?" ಎಂದು ಯಾರೋ ಕೇಳಿದರು.

"ಕಟಿಂಗ್ ಶಾಪ್. ಇವತ್ತು ಮುಚ್ಚಿದೆ. ಬನ್ನಿ, ಮುಂದಿನದು ತುಂಬಾ ವಿಶೇಷ," ಎಂದು ಹುಡುಗಿ ಮುಂದೆ ಹೋದಳು.

ಗಾಯದ ಮೇಲೆ ಉಪ್ಪು ಎರಚಿದಂತಾಯಿತು. ಉಪ್ಪಿನ ಮೂಟೆಯೇ ಮುಂದಿತ್ತು.

ಪಕ್ಕದ ಓಣಿಯ ಕಲ್ಲುಮೆಟ್ಟಿಲ ಮೇಲೆ ಅವನ ಹೆಂಡತಿ ಕೂತಿದ್ದಳು. ಹೆಗಲ ಮೇಲೆ ನೀಲಿ ಶಾಲು. ಈ ಶಾಲು ಇವಳಿಗೆ ಎಲ್ಲಿಂದ ಬಂತು ಎಂದು ಅವನು ಕಣ್ಣು ಕಿರಿದು ಮಾಡಿದ. ಜನರನ್ನು ನೋಡಿ ಅವಳು ಮುಗುಳ್ನಕ್ಕಳು. ಮಗಳು ಹುಟ್ಟಿದ ದಿನದ ನಂತರ ಆ ನಗುವನ್ನು ಅವನು ಕಂಡಿರಲಿಲ್ಲ.

"ನಾನು ಈ ಮನೆಗೆ ಬಂದಾಗ ನಿಮ್ಮ ಭಾಷೇಲಿ ಒಂದಕ್ಷರ ಬರ್ತಿರಲಿಲ್ಲ," ಎಂದು ಅವಳು ಶುರುಮಾಡಿದಳು. "ಅತ್ತೆ ಬಕೆಟ್ ತಾ ಅಂದ್ರೆ ಪೊರಕೆ ತಗೊಂಡು ಹೋಗ್ತಿದ್ದೆ. ಪೊರಕೆ ತಾ ಅಂದ್ರೆ ಇದು ಬೈಗುಳ ಇರಬೇಕು ಅಂತ ಅಳ್ತಿದ್ದೆ. ಬಾಯಿ ಬಿಟ್ಟರೆ ನಗ್ತಾರೆ, ಅದಕ್ಕೆ ಬಾಯಿ ಮುಚ್ಕೊಂಡೆ. ನಾನು ಹುಟ್ಟಾ ಮೂಕಿ ಅಲ್ಲ ಸ್ವಾಮಿ. ನಮ್ಮೂರಲ್ಲಿ ನನ್ನ ಬಾಯಿಗೆ ಹೆದರಿ ಕೋಳಿಗಳು ಗೂಡು ಸೇರ್ತಿದ್ದವು."

ಜನ ನಕ್ಕರು. ಕ್ಷೌರಿಕನಿಗೆ ನಗು ಬರಲಿಲ್ಲ.

"ನಮ್ಮ ಅಡುಗೆಮನೆ ಕಿಟಕಿಗೆ ಎದುರಾಗಿ, ಅಂಗಳದ ಆಚೆ ಗಡಿಯಾರದ ಅಂಗಡಿಯ ಕಿಟಕಿ. ಅಲ್ಲಿ ಒಬ್ಬ ಹುಡುಗ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಕೂತಿರೋನು. ಒಂದು ದಿನ ನಾನು ಅಳ್ತಾ ಟವೆಲ್ ಹಿಂಡ್ತಿದ್ದೆ. ಅವನು ತನ್ನ ಲೋಟದಲ್ಲಿದ್ದ ಚಮಚ ಎತ್ತಿ ತೋರಿಸಿ, 'ಚಮಚ' ಅಂದ. ಸುಮ್ಮನಿದ್ದೆ. ಮತ್ತೆ 'ಚಮಚ' ಅಂದ. ಬಿಡೋ ಹಂಗೆ ಕಾಣ್ಲಿಲ್ಲ. ನಾನೂ ಅಂದೆ. ಮಾರನೇ ದಿನ ಬೀಗ. ಆಮೇಲೆ ದಾರ, ಚಕ್ರ, ಮುಳ್ಳು. ನನಗೆ ಉಪ್ಪಿನ ಹೆಸರಿಗಿಂತ ಮೊದಲು ಸ್ಪ್ರಿಂಗಿನ ಹೆಸರು ಬಂತು ಅಂದ್ರೆ ನೋಡಿ! ಅಂಗಡಿ ಸಾಮಾನೆಲ್ಲ ಮುಗಿದ ಮೇಲೆ ಮೋಡ ತೋರಿಸಿದ, ಕಾಗೆ ತೋರಿಸಿದ. ತೋರಿಸೋಕಾಗದ ಮಾತನ್ನ ಮುಖದಲ್ಲೇ ಆಡಿ ತೋರಿಸೋನು, ಹಸಿವು, ಬೇಜಾರು, ನಾಚಿಕೆ. ಹೀಗೆ ಒಂದು ಕಿಟಕಿಯಿಂದ ನನಗೆ ನಿಮ್ಮ ಭಾಷೆ ಬಂತು."

ಗುಂಪಿನಲ್ಲಿದ್ದ ಒಬ್ಬ ಹೆಂಗಸು ಕೇಳಿದಳು: "ಮತ್ತೆ ನಿಮ್ಮ ಮನೆಯವರು?"

ಅವಳು ಶಾಲು ಸರಿಮಾಡಿಕೊಂಡಳು. "ಅವರು ಮಾತಾಡೋರು. ತುಂಬಾ ಮಾತಾಡೋರು. ಅಷ್ಟು ಜೋರಾಗಿ ಹರಿಯೋ ನೀರಿಗೆ ಬೊಗಸೆ ಒಡ್ಡಿದ್ರೆ ಕೈಯಲ್ಲಿ ಏನು ನಿಲ್ಲುತ್ತೆ ಹೇಳಿ?"

ಗುಂಪೆಲ್ಲ ಗೊಳ್ಳೆಂದಿತು. ಎತ್ತರದ ಮನುಷ್ಯ ಚಪ್ಪಾಳೆ ತಟ್ಟಿದ. ಕ್ಷೌರಿಕ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಅವಳು ಅವನಿಗೆ ಮೊದಲ ಸಲ ಅವನದೇ ಭಾಷೆಯಲ್ಲಿ ಮಾತಾಡಿದ ಬೆಳಗ್ಗೆ ನೆನಪಾಯಿತು. ಅಂಗಡಿಗೆ ಓಡಿಹೋಗಿ ಇದ್ದವರಿಗೆಲ್ಲ ಸಿಹಿ ಹಂಚಿದ್ದ. ಆ ಸಿಹಿಯನ್ನು ಗಡಿಯಾರದವನೂ ತಿಂದಿದ್ದ! ಬಾಯಿ ಒರೆಸಿಕೊಂಡು, "ಒಳ್ಳೇ ಮೇಷ್ಟ್ರು ನೀನು" ಎಂದೂ ಹೇಳಿದ್ದ.

ಎರಡು ದಿನ ಅವನು ಅದನ್ನೇ ಮೆಲುಕು ಹಾಕಿದ. ಗಡಿಯಾರದವನನ್ನು ಅವನು ಬುದ್ಧಿ ಬಂದಾಗಿನಿಂದ ಅಣ್ಣ ಎಂದು ಕರೆಯುತ್ತಿದ್ದ. ಅಣ್ಣ ಯಾಕೆ ಮದುವೆಯಾಗಲಿಲ್ಲ? ಹಿಂದಿನ ಕಿಟಕಿಯಲ್ಲೇ ಯಾಕೆ ಕೂರುತ್ತಾನೆ? ಬೆಳಕಿಗೆ ಎನ್ನುತ್ತಾನೆ. ಬೆಳಕು ಮುಂದಿನ ಬಾಗಿಲಲ್ಲಿ ಇರುವುದಿಲ್ಲವೇ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಾಯಿತು.

ಮೂರನೆಯ ದಿನ ಗಡಿಯಾರದಣ್ಣ ಎಂದಿನಂತೆ ಕ್ಷೌರಕ್ಕೆ ಬಂದ. ತಲೆ ಬೋಳಾಗಿದ್ದರೂ ಅವನ ಮೀಸೆ ಪೇಟೆಗೇ ಪ್ರಸಿದ್ಧ. ಎರಡೂ ಕಡೆ ಒಂದೇ ಅಳತೆ, ತುದಿ ಮೇಲಕ್ಕೆ. ಅದನ್ನು ಅಷ್ಟು ವರ್ಷ ಸಾಕಿ ಸಲಹಿದವನು ಇದೇ ಕ್ಷೌರಿಕ. ಗಡಿಯಾರದಣ್ಣ ಕುರ್ಚಿಯಲ್ಲಿ ಒರಗಿ ಕೊರಳೊಡ್ಡಿ ಕಣ್ಣು ಮುಚ್ಚಿದ. ಕ್ಷೌರಿಕ ನೊರೆ ಹಚ್ಚಿ, ಕತ್ತಿ ಮಸೆದ. ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಮಸೆದ.

"ಏನಣ್ಣ, ಪಾಠ ಹೇಳೋದ್ರಲ್ಲಿ ನೀವು ಎತ್ತಿದ ಕೈಯಂತೆ?"

"ಯಾರು ಅಂದಿದ್ದು?"

"ನಿಮ್ಮ ಕಿಟಕಿ."

ನೊರೆಯ ಅಡಿಯಲ್ಲಿ ಮುದುಕ ನಕ್ಕ. "ಓ, ಅದಾ! ಎಷ್ಟು ಬೇಗ ಕಲಿತ್ಲು ಅಂತೀಯ! ಒಂದು ಸಲ ಹೇಳಿದ್ರೆ ಸಾಕಿತ್ತು. ನಾನೇ ಬೇಕಂತ ಎರಡು ಸಲ ಹೇಳಿಸ್ತಿದ್ದೆ."

"ಯಾಕೆ?"

"ಯಾಕೆ ಅಂದ್ರೆ..." ಗಡಿಯಾರದಣ್ಣ ಕಣ್ಣು ತೆರೆಯಲಿಲ್ಲ. "ಅವಳು ತಿರುಗಿ ಹೇಳೋದು ಕೇಳೋಕೆ ಚೆನ್ನಾಗಿರ್ತಿತ್ತು ಕಣೋ."

ಕೈ ಜಾರಿತೋ, ಜಾರಿಸಿದನೋ, ಇವತ್ತಿಗೂ ಅವನಿಗೇ ಸರಿಯಾಗಿ ಗೊತ್ತಿಲ್ಲ. ಕತ್ತಿ ಕೆನ್ನೆಯಿಂದ ನೇರ ಮೂಗಿನ ಕೆಳಕ್ಕೆ ಬಂದಿತ್ತು. ಎಡ ಮೀಸೆ ನೊರೆಯ ಸಮೇತ ಟವೆಲ್ಲಿನ ಮೇಲೆ ಸತ್ತ ಇಲಿಯ ಹಾಗೆ ಬಿದ್ದಿತ್ತು.

ಬೆಂಚಿನ ಮೇಲೆ ಕೂತಿದ್ದವರು ಎದ್ದು ನಿಂತರು. ಗಡಿಯಾರದಣ್ಣ ಕಣ್ಣು ತೆರೆದು ಕನ್ನಡಿ ನೋಡಿದ. ಕನ್ನಡಿಯಲ್ಲಿ ತನ್ನ ಮುಖ ನೋಡಿ, ಆಮೇಲೆ ಹಿಂದೆ ನಿಂತಿದ್ದ ಕ್ಷೌರಿಕನ ಮುಖವನ್ನೂ ನೋಡಿದ. ಆ ಮುಖವನ್ನೇ ಬಹಳ ಹೊತ್ತು ನೋಡಿದ. ಅವನಿಗೆ ಅರ್ಥವಾಗಿರಬೇಕು. ಕೂಗಾಡಲಿಲ್ಲ.

"ಇನ್ನೊಂದನ್ನೂ ತೆಗೆದುಬಿಡಪ್ಪ. ಒಂದೇ ಮುಳ್ಳಿನ ಗಡಿಯಾರ ಯಾರಿಗೆ ಬೇಕು?"

ತೆಗೆದ. ಮುಖ ತೊಳೆದು ಒರೆಸಿದಾಗ ಆದದ್ದೇ ಬೇರೆ. ಮೀಸೆಯಿಲ್ಲದ ಗಡಿಯಾರದಣ್ಣ ಹತ್ತು ವರ್ಷ ಚಿಕ್ಕವನಾಗಿ ಕಂಡ. ತುಟಿಯ ಅಂಚಿನಲ್ಲಿ ಒಂದು ಸಣ್ಣ ಗುಳಿ ಇತ್ತು. ಮೀಸೆ ಅಷ್ಟು ಕಾಲ ಅದನ್ನು ಮುಚ್ಚಿಟ್ಟಿತ್ತು. ಸಂಜೆಯೊಳಗೆ ಪೇಟೆಯೆಲ್ಲ ಅದೇ ಸುದ್ದಿ. "ಗಡಿಯಾರದಣ್ಣನ ಮುಳ್ಳನ್ನೇ ಹಿಂದಕ್ಕೆ ತಿರುಗಿಸಿಬಿಟ್ಟೆಯಲ್ಲ ಮಾಮ! ನನಗೂ ಹಾಗೇ ಮಾಡು," ಎಂದು ಬೇಕರಿಯವನು ಬಂದು ಕೂತ. ಗುಂಡಿ ಅಂಗಡಿಯ ಯಜಮಾನಿ ಗಡಿಯಾರದ ಅಂಗಡಿಗೆ ಎರಡು ಸಲ ಹೋಗಿ ಬಂದಳಂತೆ, ಎರಡು ಸಲವೂ ಅದೇ ಕೆಡದ ಗಡಿಯಾರ ಹಿಡಿದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವನು ಆ ಎಮ್ಮೆಯೇ ಮದುಮಗಳಂತೆ ಹೊಳೆಯುವುದನ್ನು ನೋಡಬೇಕಾಯಿತು.

ಅಂದು ಸಂಜೆ ಅಂಗಡಿಗೆ ಪರದೆಯಾಚೆಯಿಂದ ಕೈ ಬರಲಿಲ್ಲ. ಅವಳೇ ಬಂದಳು. ಮಡಿಸಿದ ಬಟ್ಟೆಗಳನ್ನು ಬೆಂಚಿನ ಮೇಲಿಟ್ಟು, ಗಿರಾಕಿಗಳ ಕುರ್ಚಿಯಲ್ಲಿ ಕೂತಳು.

"ರೀ, ಅವರ ಮೀಸೆ ಯಾಕೆ ತೆಗೆದ್ರಿ?"

"ಕೈ ಜಾರಿತು."

"ನಿಮ್ಮ ಕೈ ಜಾರಲ್ಲ. ನಾಲಿಗೆ ಜಾರುತ್ತೆ, ಕೈ ಜಾರಲ್ಲ." ಅವಳು ಕನ್ನಡಿಯಲ್ಲಿ ಅವನನ್ನು ನೋಡುತ್ತಿದ್ದಳು. "ಭಾನುವಾರ ಟೋಪಿ ಹಾಕ್ಕೊಂಡು ಬಂದಿದ್ರಲ್ಲ. ಕಪ್ಪು ಕನ್ನಡಕ ಹಾಕ್ಕೊಂಡ್ರೆ ಕಿವಿ ಕಾಣಲ್ಲ ಅಂದ್ಕೊಂಡ್ರಾ? ಆ ಕಿವಿ ನೋಡ್ಕೊಂಡೇ ಬದುಕು ಸವೆಸಿದೀನಿ ನಾನು."

"ನೋಡಿಯೂ ಆ ಕಥೆ ಹೇಳಿದ್ಯಾ? ಅಷ್ಟು ಜನರ ಮುಂದೆ?"

"ನೋಡಿದ್ದಕ್ಕೇ ಹೇಳಿದ್ದು. ಬೇರೆ ದಿನ ಅತ್ತೆ, ಪೊರಕೆ ಇಷ್ಟೇ ಹೇಳಿ ಮುಗಿಸ್ತಿದ್ದೆ."

ಅವನು ಕತ್ತಿಯನ್ನು ಒರೆಸಿದ, ಮತ್ತೆ ಒರೆಸಿದ. ಕೇಳಬಾರದೆಂದು ಎರಡು ದಿನ ಹಲ್ಲು ಕಚ್ಚಿ ಹಿಡಿದದ್ದು ಕೊನೆಗೆ ಬಾಯಿಂದ ಹೊರಬಿತ್ತು. "ಅವನ ಮೇಲೆ ನಿನಗೆ ಮನಸ್ಸಿತ್ತೇನೇ?"

ಅವಳು ತಟ್ಟನೆ ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಬೀದಿಯಲ್ಲಿ ಒಂದು ಕೈಗಾಡಿ ಹಾದುಹೋಗುವ ತನಕ ಯೋಚಿಸಿದಳು.

"ಇತ್ತೋ ಏನೋ. ಅದಕ್ಕೆ ನಿಮ್ಮ ಭಾಷೇಲಿ ಏನಂತಾರೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಅವರು ಅದನ್ನ ಕಲಿಸಲಿಲ್ಲ." ಆಮೇಲೆ ಎದ್ದು ನಿಂತಳು. "ಒಂದು ತಿಳ್ಕೊಳ್ಳಿ. ಆ ಕಿಟಕಿ ಇಲ್ಲದಿದ್ರೆ ಆ ವರ್ಷವೇ ಗಂಟುಮೂಟೆ ಕಟ್ಟಿಕೊಂಡು ಬೆಟ್ಟ ಹತ್ತಿಬಿಡ್ತಿದ್ದೆ. ನಿಮಗೆ ಹೆಂಡತಿ ಉಳಿದಿದ್ದು ಅವರಿಂದ. ಅದಕ್ಕೆ ಮೀಸೆ ಬೋಳಿಸಿದ್ರಿ."

ಪರದೆಯ ಬಳಿ ನಿಂತು ತಿರುಗಿದಳು. "ಅವರು ನನ್ನ ಭಾಷೇನೂ ಕೇಳಿ ಕೇಳಿ ಕಲಿತ್ರು. ಚಮಚಕ್ಕೆ ನಿಮ್ಮಲ್ಲಿ ಏನಂತಾರೆ ಅಂತ ಕೇಳಿದ ಗಂಡಸು ಈ ಪೇಟೇಲಿ ಅವರೊಬ್ಬರೇ."

ಆ ಮಾತು ಅವನನ್ನು ನೆಲಕ್ಕೆ ಕೆಡವಿತು. ಹೆಂಡತಿಗೆ ಗಡಿಯಾರದವನ ಮೇಲೆ ಮನಸ್ಸಿತ್ತೋ ಇಲ್ಲವೋ ಎಂಬುದಕ್ಕಿಂತ ಇದು ಹೆಚ್ಚು ಚುಚ್ಚಿತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಅವಳ ಭಾಷೆಯ ಒಂದು ಪದ ತನಗೆ ಬರುವುದಿಲ್ಲ. ಆ ಮುದುಕನಿಗೆ ಬರುತ್ತದೆ. ಅಂದರೆ ಅವಳ ಮನೆಯೊಳಗಿನ ಒಂದು ಕೋಣೆಯ ಕೀಲಿ ಅವನ ಹತ್ತಿರ ಇದೆ. ಅಂಗಡಿಯಲ್ಲಿ ಒಂದು ವಾರ ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಗಿರಾಕಿಗಳಿಗೇ ದಿಗಿಲಾಯಿತು. "ಮಾಮ, ಡಾಕ್ಟರ್ ಹತ್ರ ಹೋಗಿ ಬಾ," ಎಂದು ಬೇಕರಿಯವನು ಬಿಸಿ ಬ್ರೆಡ್ ತಂದಿಟ್ಟ.

ಹೆಂಡತಿಯನ್ನೇ ಕೇಳಬಹುದಿತ್ತು, ಕಲಿಸು ಎಂದು. ನಾಚಿಕೆ ಬಿಡಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಅವನು ಹೋದದ್ದು ಗಡಿಯಾರದ ಅಂಗಡಿಗೆ.

ಗಡಿಯಾರದಣ್ಣ ಕಿಟಕಿಯ ಬೆಳಕಿನಲ್ಲಿ ಕೂತು ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿದ್ದ. ಕ್ಷೌರಿಕ ಸ್ಟೂಲಿನ ಮೇಲೆ ಕೂತ. ಎಂದೂ ಮಾತಿಗೆ ತಡಕಾಡದವನು ಅಂದು ತಡಕಾಡಿದ.

"ಅಣ್ಣ, ಮೀಸೆ ವಿಷ್ಯ..."

"ಬೆಳೆಯುತ್ತೆ ಬಿಡು. ಈ ಗಾಳಿ ಹಿತವಾಗಿದೆ."

"ಅವಳ ಭಾಷೆ ನಿಮಗೆ ಬರುತ್ತಂತೆ."

"ಬರುತ್ತೆ ಅನ್ನೋಷ್ಟೇನಿಲ್ಲ. ಅಡುಗೆಮನೆ ಸಾಮಾನು, ಹಕ್ಕಿ ಪಕ್ಷಿ, ಒಂದೆರಡು ಬೈಗುಳ."

"ನನಗೆ ಕಲಿಸ್ತೀರಾ?"

ಗಡಿಯಾರದಣ್ಣ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದ. ನಗಬಹುದೆಂದು ಕ್ಷೌರಿಕ ಕಾದ. ನಕ್ಕಿದ್ದರೆ ಎದ್ದು ಹೋಗಿಬಿಡಬಹುದಿತ್ತು. ಮುದುಕ ನಗದೆ ಲೋಟದಿಂದ ಚಮಚವನ್ನು ಎತ್ತಿ ಹಿಡಿದು ಬೆಟ್ಟದಾಚೆಯ ಆ ಪದವನ್ನು ಹೇಳಿದ. ಕ್ಷೌರಿಕ ತಿರುಗಿ ಹೇಳಿದ. ಬಾಯಿಯಲ್ಲಿ ಅದು ಬಿಸಿ ಆಲೂಗಡ್ಡೆಯಂತೆ ಹೊರಳಿತು.

ಹೀಗೆ ಕೆಲವು ಮಧ್ಯಾಹ್ನಗಳು. ಹೊಟ್ಟೆಕಿಚ್ಚೇನೂ ಆರಲಿಲ್ಲ. ಒಂದೊಂದು ಪದ ಕಲಿತಾಗಲೂ, ಇದನ್ನು ಅವಳು ಇವನಿಗೆ ಯಾವ ದಿನ, ಯಾವ ಮುಖ ಮಾಡಿಕೊಂಡು ಹೇಳಿದ್ದಳೋ ಎಂದು ಎದೆ ಕುಟುಕುತ್ತಿತ್ತು. ಮೋಡದ ಪದ ಕಲಿತ ದಿನ ಅಂಗಡಿಗೆ ಬಂದು ಯಾರೊಂದಿಗೂ ಮಾತಾಡದೆ ಕತ್ತರಿ ಮಸೆದ. ಆದರೂ ಮರುದಿನ ಮತ್ತೆ ಹೋದ. ಕದ್ದ ಮಾಲನ್ನು ಕಳ್ಳನಿಂದಲೇ ಒಂದೊಂದಾಗಿ ವಾಪಸ್ ತರುವವನ ಹಠ ಅದು.

ಒಂದು ಬೆಳಗ್ಗೆ ತಿಂಡಿಗೆ ಕೂತಾಗ ಅವನು ಗಂಟಲು ಸರಿಮಾಡಿಕೊಂಡು, ಅವಳ ಭಾಷೆಯಲ್ಲಿ ಚಮಚ ಕೇಳಿದ.

ಅವಳ ಕೈ ತಟ್ಟೆಯ ಮೇಲೆ ನಿಂತಿತು. ತುಟಿ ಅದುರಿತು. ಅಳುತ್ತಾಳೇನೋ ಎಂದು ಅವನು ಹೆದರಿದ. ಅವಳು ನಗತೊಡಗಿದಳು. ಮೆಟ್ಟಿಲ ಮೇಲಿನ ಮುಗುಳ್ನಗೆಯಲ್ಲ. ಕೋಳಿಗಳು ಗೂಡು ಸೇರುವಂಥ ನಗು.

"ಯಾಕೆ? ತಪ್ಪಾ?"

"ಚಮಚ ಅಲ್ಲ ರೀ, ನೀವು ಕೇಳಿದ್ದು ಕತ್ತೆಮರಿ. ಸ್ವರ ಎಳೆದ್ರೆ ಚಮಚ, ಮೊಟಕು ಮಾಡಿದ್ರೆ ಕತ್ತೆಮರಿ. ಇದು ಅವರ ಉಚ್ಚಾರಣೆ. ಅವರ ಹತ್ರ ಕಲಿತ್ರಾ?"

"ಅಂದ್ರೆ ಅವನು ಇಷ್ಟು ವರ್ಷ ಕತ್ತೆಮರಿ ಅಂತಿದ್ದನಾ!" ಕ್ಷೌರಿಕನ ಮುಖ ಅರಳಿತು. ಎಷ್ಟೋ ದಿನಗಳ ನಂತರ ಅವನ ಹೊಟ್ಟೆಗೆ ತಂಪು ಇಳಿಯಿತು. "ನೀನು ತಿದ್ದಲಿಲ್ವಾ?"

"ಇಲ್ಲ."

"ಯಾಕೆ?"

ಅವಳು ಚಮಚವನ್ನು ಅವನ ತಟ್ಟೆಗಿಟ್ಟಳು. "ಕೇಳೋಕೆ ಚೆನ್ನಾಗಿರ್ತಿತ್ತು."

ಇಳಿದ ತಂಪು ಅಲ್ಲೇ ಆವಿಯಾಯಿತು. ಆದರೆ ಅವಳು ಎದುರಿಗೆ ಕೂತಳು. "ನಿಮ್ಮನ್ನ ಮಾತ್ರ ತಿದ್ದದೆ ಬಿಡಲ್ಲ. ಹೇಳಿ, ಸ್ವರ ಎಳೀರಿ," ಅಂದಳು. ಅವನು ಎಳೆದ. "ಇನ್ನೂ." ಎಳೆದ. "ಅಷ್ಟು ಬೇಡ, ಅದು ಬಾಣಲೆ ಆಗುತ್ತೆ."

ಹಾಗೆ ಮೇಷ್ಟ್ರು ಬದಲಾದರು. ಹೊಸ ಮೇಷ್ಟ್ರು ಬಲು ಬಿಗಿ. ಒಗೆಯುತ್ತ, ಹಿಂಡುತ್ತ, ಮಡಿಸುತ್ತ ಪಾಠ. ತಪ್ಪಿದರೆ ಒದ್ದೆ ಟವೆಲ್ಲಿನ ಏಟು. ಮನೆಯಲ್ಲಿ ಈಗ ಮಾತಿಗೆ ಬರವಿಲ್ಲ. ಮುಕ್ಕಾಲು ಪಾಲು ಬೈಗುಳ, ಅದೂ ಬೆಟ್ಟದಾಚೆಯ ಬೈಗುಳ. ಕ್ಷೌರಿಕ ಅವನ್ನು ಬಹುಮಾನದ ಹಾಗೆ ಎಣಿಸಿಕೊಳ್ಳುತ್ತಾನೆ, ಯಾಕೆಂದರೆ ಇವುಗಳಲ್ಲಿ ಹೆಚ್ಚಿನವು ಗಡಿಯಾರದಣ್ಣನಿಗೆ ಗೊತ್ತಿಲ್ಲ ಎಂಬುದನ್ನು ಹೋಗಿ ಕೇಳಿ ಖಾತ್ರಿ ಮಾಡಿಕೊಂಡಿದ್ದಾನೆ. ಭಾನುವಾರದ ನಡಿಗೆಗೂ ಹೋಗುತ್ತಾನೆ. ಹಿಂದೆ ಉಳಿದವರನ್ನು ಕೂಡಿಸಿಕೊಂಡು ಬರುವ ಕೆಲಸವನ್ನು ಹಳದಿ ಕೊಡೆಯ ಹುಡುಗಿ ಅವನಿಗೆ ವಹಿಸಿದ್ದಾಳೆ, ದಾರಿಯಲ್ಲಿ ಬಾಯಿ ಬಿಡಕೂಡದು ಎಂಬ ಕರಾರಿನ ಮೇಲೆ. ಮೆಟ್ಟಿಲ ಬಳಿ ಯಾರಾದರೂ ಗಂಡಸು ಅವಳ ಮಾತಿಗೆ ತೀರಾ ಜೋರಾಗಿ ಚಪ್ಪಾಳೆ ತಟ್ಟಿದರೆ, ಅವನ ಹಿಂದೆ ಹೋಗಿ ನಿಂತು ಕೊರಳನ್ನು ಅಳೆಯುವವನಂತೆ ನೋಡುತ್ತಾನೆ. ಹುಟ್ಟುಗುಣ ಸುಟ್ಟರೂ ಹೋಗದು.

ಅಂಗಡಿಯಲ್ಲಿ ಮಾತ್ರ ಗಿರಾಕಿಗಳ ತಲೆಯ ಮೇಲೆ ಬಾಗಿ ಏನೋ ಪಿಟಿಪಿಟಿ ಅನ್ನುತ್ತಿರುತ್ತಾನೆ. ಮಾಮನಿಗೆ ವಯಸ್ಸಾಯಿತು, ದೇವರ ನಾಮಸ್ಮರಣೆಗೆ ಇಳಿದಿದ್ದಾನೆ ಎಂದು ಬಹಳ ಜನ ನಂಬಿದ್ದಾರೆ. ಮೊನ್ನೆ ಬೇಕರಿಯವನು ತಡೆಯಲಾರದೆ ಕೇಳಿದ.

"ಯಾವ ಮಂತ್ರ ಮಾಮ ಇದು?"

"ಮಂತ್ರ ಅಲ್ಲ ಕಣೋ. ಪಲ್ಯಕ್ಕೆ ಉಪ್ಪು ಕಮ್ಮಿ ಅಂತ ಅವಳ ಭಾಷೇಲಿ ಹೇಳೋದನ್ನ ಬಾಯಿಪಾಠ ಮಾಡ್ತಿದೀನಿ."

"ಅಷ್ಟು ಕಷ್ಟಪಟ್ಟು ಕಲಿತು ಇದನ್ನಾ ಹೇಳೋದು?" ಅಂದ ಬೇಕರಿಯವನು. "ಬಾ, ಇವತ್ತಿಂದ ನಮ್ಮಲ್ಲೇ ಬ್ರೆಡ್ ತಿನ್ನುವೆಯಂತೆ."